ಉಳಿದ ಒಂದು ಮನೆ

ಬ್ರೆಮೆನ್, ಪಶ್ಚಿಮ ಜರ್ಮನಿ
೧೯ ಜನವರಿ ೧೯೮೬

ಪ್ರಿಯ ರಾಜಮತಿ,

ಈ ಪತ್ರವನ್ನು ನಿನ್ನ ಅತ್ತೆಯ ಮುಂದೆ ಗಟ್ಟಿಯಾಗಿ ಓದಬೇಡ. ಮೊದಲೇ ಹೇಳಿದ್ದೇನೆ, ಆಮೇಲೆ ನನ್ನನ್ನು ಬೈಯಬೇಡ.

ಇಲ್ಲಿ ಹಿಮ ಬಿದ್ದು ಕಲ್ಲಾಗಿದೆ. ಆಸ್ಪತ್ರೆಯಿಂದ ಮನೆಗೆ ಬರುವಷ್ಟರಲ್ಲಿ ಮೂಗು ನನ್ನದೇ ಅನ್ನಿಸುವುದಿಲ್ಲ. ಮಿರಜದಲ್ಲಿ ನರ್ಸಿಂಗ್ ಕಲಿಯುವಾಗ ಕಾಗವಾಡದಿಂದ ಬಸ್ಸಿನಲ್ಲಿ ಬೆವರುತ್ತ ನಿಂತು ಹೋಗುತ್ತಿದ್ದೆನಲ್ಲ, ಅದೇ ಸುಖವಾಗಿತ್ತು.

ನನ್ನ ವಾರ್ಡಿನಲ್ಲಿ ಹೆಲ್ಗಾ ಎಂಬ ನರ್ಸ್ ಇದ್ದಾಳೆ. ಶನಿವಾರ ನೃತ್ಯಕ್ಕೆ ಹೋಗಿ, ಅಲ್ಲಿ ಸಿಕ್ಕ ಒಬ್ಬನ ಜೊತೆ ಅವನ ಮನೆಗೆ ಹೋದಳಂತೆ. ಸೋಮವಾರ ನಾವಿಬ್ಬರೂ ರೋಗಿಯ ಹಾಸಿಗೆಯ ಚಾದರ ಬದಲಿಸುವಾಗ ಇದನ್ನು ಹೇಳಿದಳು, ಬೆಳಗ್ಗೆ ಬ್ರೆಡ್ಡು ತಿಂದೆ ಅನ್ನುವ ಧಾಟಿಯಲ್ಲಿ. ಅವನ ಹೆಸರೇನು ಎಂದೆ. "ಪೀಟರ್ ಇರಬೇಕು" ಎಂದಳು. ಮತ್ತೆ ಯಾವಾಗ ಸಿಗುತ್ತಾನೆ ಎಂದೆ. "ಯಾಕೆ ಸಿಗಬೇಕು?" ಎಂದು ನನ್ನನ್ನೇ ಕೇಳಿದಳು. ಚಾದರದ ನನ್ನ ತುದಿ ಕೈಜಾರಿ ಕೆಳಗೆ ಬಿತ್ತು.

ಕೆಟ್ಟ ಹುಡುಗಿ ಎಂದು ಮುಖ ತಿರುಗಿಸೋಣವೆಂದರೆ ಅದೂ ಆಗುವುದಿಲ್ಲ. ಯಾರೂ ಇಲ್ಲದ ಮುದುಕರು ಸಾಯುವಾಗ ಕೆಲಸದ ವೇಳೆ ಮುಗಿದರೂ ಕೈ ಹಿಡಿದು ಕುಳಿತಿರುತ್ತಾಳೆ. ಇವಳನ್ನು ಯಾವ ಮಣೆಯ ಮೇಲೆ ಕೂರಿಸಲಿ, ನೀನೇ ಹೇಳು. ನಮ್ಮ ಮನೆಯ ಇನ್ನೊಂದು ಖೋಲಿಯಲ್ಲಿರುವ ಕ್ಲಾಸ್ ಎಂಬವರಿಗೆ ಇದನ್ನು ಹೇಳಿದರೆ, "ಅದರಿಂದ ನಿನಗೇನು ನಷ್ಟ?" ಎಂದು ನಕ್ಕರು.

ನಿನ್ನ
ಸುಂದರಾ

*

ಸದಲಗಾ
೧೬ ಫೆಬ್ರುವರಿ ೧೯೮೬

ಪ್ರೀತಿಯ ಸುಂದರಾ,

ಜಯ ಜಿನೇಂದ್ರ. ಗಟ್ಟಿಯಾಗಿ ಓದಬೇಡ ಎಂದು ಮೊದಲ ಸಾಲಿನಲ್ಲೇ ಬರೆಯುವ ನಿನ್ನ ಜಾಣತನಕ್ಕೆ ಏನನ್ನಲಿ! ನಮ್ಮದು ಹೊತ್ತು ಮುಳುಗುವ ಮೊದಲೇ ಊಟ ಮುಗಿಸುವ ಮನೆ. ಆಮೇಲೆ ಮಲಗುವ ತನಕ ಮಾಡುವುದೇನು? ಪರದೇಶದ ಪತ್ರ ಬಂತೆಂದರೆ ಅತ್ತೆ ಕಮಲಾಬಾಯಿ ಕಂಬಕ್ಕೆ ಒರಗಿ ಕುಳಿತೇಬಿಡುತ್ತಾರೆ, ಓಣಿಯ ಮುದುಕಿಯರೂ ಸೇರುತ್ತಾರೆ. ನಾನು ಮೊದಲ ಸಾಲನ್ನು ನುಂಗಿ "ಅತ್ತೆಯವರಿಗೆ ನಮಸ್ಕಾರ" ಎಂದು ಓದಿದೆ. ಹೆಲ್ಗಾಳನ್ನು ಶನಿವಾರ ಸೋದರಮಾವನ ಮನೆಗೆ ಕಳಿಸಿದೆ. "ಛಲೋ ಹುಡುಗಿ ನೋಡ, ಸೋದರಮಾವನ್ನ ಮರ್ತಿಲ್ಲ" ಎಂದರು ಅತ್ತೆ. ನಗು ತಡೆಯಲು ಕೆಮ್ಮಿ ಕೆಮ್ಮಿ ಸಾಕಾಯಿತು.

ಇನ್ನು ನಿನ್ನ ಪ್ರಶ್ನೆ. ಇಂಥದ್ದು ನಮ್ಮಲ್ಲಿ ಇಲ್ಲವೆಂದು ನಾನು ಹೇಳಲಾರೆ. ತಂಬಾಕಿನ ಹಂಗಾಮಿನಲ್ಲಿ ನಿಪ್ಪಾಣಿಗೆ ಬರುವ ವ್ಯಾಪಾರಿಗಳು ಸಂಜೆ ಎಲ್ಲೆಲ್ಲಿಗೆ ಹೋಗುತ್ತಾರೆ ಎಂಬುದು ಎಲ್ಲರಿಗೂ ಗೊತ್ತು. ದೊಡ್ಡ ಮನೆತನದ ಕೆಲವರಿಗೆ ಅಥಣಿಯ ಕಡೆ ದ್ರಾಕ್ಷಿ ತೋಟದ ಮನೆಯಲ್ಲಿ ಇನ್ನೊಬ್ಬಳಿದ್ದಾಳೆ, ಆಕೆಗೂ ದೀಪಾವಳಿಗೆ ಸೀರೆ ಹೋಗುತ್ತದೆ. ಆದರೆ ಸೋಮವಾರ ಬಂದು ತಾನೇ ಹೇಳಿಕೊಳ್ಳುವ ಹೆಂಗಸನ್ನು ನಾನು ಕಂಡಿಲ್ಲ. ಇಲ್ಲಿ ಮಾಡುವವನು ಗಂಡಸು, ಅನ್ನಿಸಿಕೊಳ್ಳುವವಳು ಹೆಂಗಸು. ನನ್ನ ಮಟ್ಟಿಗೆ ಆ ಚಿಂತೆಯಿಲ್ಲ ಬಿಡು. ನಮ್ಮವರಿಗೆ ಪೂಜೆಯ ಬಸ್ತಿ ಬಿಟ್ಟರೆ ನಿಪ್ಪಾಣಿಯಲ್ಲಿ ತಂಬಾಕು ತುಂಬಿಡುವ ನಮ್ಮ ವಖಾರಿ, ವಖಾರಿ ಬಿಟ್ಟರೆ ಬಸ್ತಿ.

ಇನ್ನೊಂದು ಖೋಲಿಯ ಕ್ಲಾಸ್ ಯಾರು? ಮನೆಯ ಮಾಲಕರೇ? ವಯಸ್ಸಾದವರು ಜೊತೆಗಿದ್ದಾರೆ ಎಂದು ತಿಳಿದು ಸಮಾಧಾನವಾಯಿತು. ಗುರೆಳ್ಳು ಚಟ್ನಿಪುಡಿ ಕಳಿಸಿದ್ದೇನೆ, ಬಳ್ಳೊಳ್ಳಿ ಹಾಕಿಲ್ಲ. ಹಿರಿಯರಿಗೆ ನನ್ನ ನಮಸ್ಕಾರ ತಿಳಿಸು.

ನಿನ್ನ
ರಾಜಮತಿ

*

ಬ್ರೆಮೆನ್
೩೦ ಮಾರ್ಚ್ ೧೯೮೬

ಪ್ರಿಯ ರಾಜಮತಿ,

ಕ್ಲಾಸ್ ಅವರಿಗೆ ನಿನ್ನ ನಮಸ್ಕಾರ ಮುಟ್ಟಿತು. ಚಟ್ನಿ ತಿಂದು ಒಂದು ಗಡಿಗೆ ನೀರು ಕುಡಿದರು. ಹೌದು, ಮನೆ ಅವರ ಹೆಸರಿನಲ್ಲೇ ಇದೆ.

ಹೆಲ್ಗಾಳನ್ನು ನಾನು ಬಿಡಲಿಲ್ಲ. ನಿನಗೆ ಹೆದರಿಕೆ, ನಾಚಿಕೆ ಏನೂ ಆಗುವುದಿಲ್ಲವೇ ಎಂದು ಕೇಳಿದೆ. ಅವಳು ಸಿಟ್ಟಾಗಲಿಲ್ಲ. "ಅವನು ಕೇಳಿದ, ನಾನು ಹೂಂ ಎಂದೆ. ಬೆಳಗ್ಗೆ ಕಾಫಿ ಕುಡಿದು ನನ್ನ ದಾರಿ ಹಿಡಿದೆ. ಇದರಲ್ಲಿ ಯಾರಿಗೆ ಏನು ಕೇಡಾಯಿತು?" ಎಂದಳು. ನೀನೇ ಹೇಳು ರಾಜಮತಿ, ಅಥಣಿಯ ತೋಟದ ಮನೆಗಿಂತ ಇದೇ ನೇರವಲ್ಲವೇ? ಇವರು ಸುಳ್ಳು ಹೇಳುವುದಿಲ್ಲ, ಮುಚ್ಚಿಡುವುದಿಲ್ಲ, ಒಬ್ಬರ ಮೇಲೊಬ್ಬರು ಚಾಡಿ ಹೇಳುವುದಿಲ್ಲ. ಇದಕ್ಕೆ ಇವರು ನಮ್ಮಷ್ಟು ತೂಕ ಕೊಡದಿರುವುದೇ ಸರಿಯೇನೋ ಎಂದು ಈಚೆಗೆ ಅನ್ನಿಸುತ್ತದೆ.

ಸುಂದರಾ ಕೈಬಿಟ್ಟು ಹೋದಳು ಎಂದು ಹಣೆ ಬಡಿದುಕೊಳ್ಳಬೇಡ. ಅನ್ನಿಸಿದ್ದನ್ನು ನಿನಗಲ್ಲದೆ ಯಾರಿಗೆ ಬರೆಯಲಿ?

ಸುಂದರಾ

*

ಸದಲಗಾ
೮ ಜೂನ್ ೧೯೮೬

ಸುಂದರಾ,

ಈ ಪತ್ರವನ್ನು ನಾನೇ ನಿಪ್ಪಾಣಿಗೆ ಹೋದಾಗ ಡಬ್ಬಿಗೆ ಹಾಕುತ್ತೇನೆ.

ನಮ್ಮವರಿಗೆ ಬಸ್ತಿ ಬಿಟ್ಟರೆ ವಖಾರಿ ಎಂದು ಬರೆದಿದ್ದೆನಲ್ಲ. ವಖಾರಿಯಲ್ಲೇ ಆಯಿತು. ಅಲ್ಲಿ ತಂಬಾಕು ಬಡಿದು ಸೋಸುವ ಹೆಂಗಸರಲ್ಲಿ ರುಕ್ಮವ್ವ ಎಂಬಾಕೆಯಿದ್ದಳು. ಗಂಡ ಬಿಟ್ಟವಳು, ನನಗಿಂತ ಚಿಕ್ಕವಳು. ವೈಶಾಖದಲ್ಲಿ ಒಂದು ಮಧ್ಯಾಹ್ನ ಆಲಿಕಲ್ಲು ಮಳೆ ಬಿತ್ತಂತೆ. ಉಳಿದವರೆಲ್ಲ ಮಳೆಗೆ ಮುಂಚೆಯೇ ಮನೆಗೆ ಓಡಿದ್ದರು, ಈಕೆ ಚೀಲಗಳನ್ನು ಒಳಗೆ ಎಳೆಯಲು ಉಳಿದಿದ್ದಳು. ನಮ್ಮವರೂ ಒಳಗಿದ್ದರು. ಕೆಲಸದವರ ಮೇಲಿನ ಮುಕಾದಮ ಕಂಡ. ಮುಕಾದಮ ಕಂಡ ಮೇಲೆ ನಿಪ್ಪಾಣಿಯೆಲ್ಲ ಕಂಡ ಹಾಗೆಯೇ.

ನಾನು ಕೇಳಿದ್ದಕ್ಕೆ ನಮ್ಮ ಬಾಪುಸಾಹೇಬರು ಇಲ್ಲವೆನ್ನಲಿಲ್ಲ. "ಒಂದ ಸಲ ಆತು. ಮತ್ತ ಆಗೂದಿಲ್ಲ" ಎಂದು ಊಟದ ತಾಟು ಹತ್ತಿರ ಎಳೆದುಕೊಂಡರು. ಅತ್ತೆಯ ಮುಂದೆ ಕುಳಿತು ಅತ್ತುಬಿಟ್ಟೆ. ಅವರು ನನ್ನ ತಲೆಗೆ ಎಣ್ಣೆ ಒತ್ತುತ್ತ, "ಗಂಡಸು ಕೆಸರ ಕಂಡಲ್ಲಿ ತುಳೀತಾನ, ನೀರ ಕಂಡಲ್ಲಿ ತೊಳೀತಾನ. ಹೊಸಲಿ ದಾಟಿ ಒಳಗ ಬಂದಾನಿಲ್ಲ? ಮುಗೀತ ತಗಿ" ಎಂದರು. ಪ್ರೀತಿಯಿಂದಲೇ ಅಂದರು. ಅದಕ್ಕೇ ಇನ್ನೂ ಸಂಕಟವಾಯಿತು.

ಸುಳ್ಳು ಬರೆಯುವುದಿಲ್ಲ, ನನ್ನ ಸಿಟ್ಟೆಲ್ಲ ರುಕ್ಮವ್ವನ ಮೇಲೆ ಹೋಯಿತು. ನಾಳೆಯಿಂದ ಆಕೆ ನಮ್ಮ ವಖಾರಿಯ ಮೆಟ್ಟಿಲು ಹತ್ತಬಾರದು ಎಂದು ನಾನೇ ಹೇಳಿದೆ. ನಮ್ಮವರು ಕೂಡಲೇ ಒಪ್ಪಿದರು. ನಮ್ಮಲ್ಲಿ ಬಿಡಿಸಿದ್ದು ಕೇಳಿ ಬೇರೆ ವಖಾರಿಯವರೂ ಆಕೆಯನ್ನು ತೆಗೆದುಕೊಂಡಿಲ್ಲವಂತೆ. ಕೇಳಿ ತಂಪಾಯಿತು. ಆದರೆ ಆ ತಂಪು ನಿಲ್ಲಲಿಲ್ಲ. ತಂಬಾಕಿನ ವಾಸನೆ ಹೊತ್ತು ಅವರು ಮನೆಗೆ ಬಂದರೆ ನಾನು ಹಿತ್ತಲಿಗೆ ಎದ್ದು ಹೋಗುತ್ತೇನೆ. ಹತ್ತು ವರ್ಷ ಅದೇ ವಾಸನೆಗೆ ಬಾಗಿಲು ತೆರೆದವಳು ನಾನು.

ನಿನ್ನ ಹೆಲ್ಗಾ ಸೋಮವಾರದ ಹೊತ್ತಿಗೆ ಅವನ ಹೆಸರನ್ನೇ ಮರೆತಿದ್ದಳು ಎಂದು ಬರೆದಿದ್ದೀಯ. ಹೇಗೆ ಮರೆಯುತ್ತಾರೆ, ನನಗೆ ಕಲಿಸು. ನಾನು ಈ ಮನೆಯಲ್ಲೇ ಬದುಕಬೇಕು.

ರಾಜಮತಿ

*

ಬ್ರೆಮೆನ್
೬ ಜುಲೈ ೧೯೮೬

ಪ್ರಿಯ ರಾಜಮತಿ,

ಪತ್ರ ಬಂತು. ಉದ್ದ ಬರೆಯಲು ವೇಳೆಯಿಲ್ಲ.

ಒಂದು ಮಧ್ಯಾಹ್ನದ ವಿಷಯ. ಅವರು ಮುಚ್ಚಿಡಲಿಲ್ಲ, ಮತ್ತೆ ಆಗುವುದಿಲ್ಲ ಎಂದಿದ್ದಾರೆ. ಇನ್ನೇನು ಬೇಕು? ದೇಹದ್ದು ದೇಹಕ್ಕೆ, ಮನಸ್ಸಿನದು ಮನಸ್ಸಿಗೆ ಎನ್ನುತ್ತಾರೆ ಇಲ್ಲಿ. ಅದಕ್ಕೂ ಸಂಸಾರಕ್ಕೂ ಗಂಟು ಹಾಕುವುದಿಲ್ಲ. ಇಲ್ಲಿ ಇಂಥದ್ದಕ್ಕೆ ಯಾರೂ ಅಳುವುದಿಲ್ಲ. ನೀನೂ ಅಳಬೇಡ. ಆಗದಿದ್ದರೆ ಬಿಟ್ಟು ಬಾ. ಎರಡರಲ್ಲಿ ಒಂದು ಮಾಡು. ನಡುವೆ ನಿಂತು ಸುಡಬೇಡ.

ಸುಂದರಾ

*

ಸದಲಗಾ
೨೦ ಸೆಪ್ಟೆಂಬರ್ ೧೯೮೬

ಶ್ರೀಮತಿ ಸುಂದರಾ ಅವರಿಗೆ,

ಜಯ ಜಿನೇಂದ್ರ. ಕ್ಷಮಾವಣಿ ಪರ್ವದ ನಿಮಿತ್ತ, ಕಳೆದ ವರ್ಷದಲ್ಲಿ ತಿಳಿದೋ ತಿಳಿಯದೆಯೋ ಮನಸ್ಸಿನಿಂದ, ಮಾತಿನಿಂದ, ಕಾಯದಿಂದ ತಮಗೆ ನೋವಾಗಿದ್ದರೆ ಕ್ಷಮೆ ಇರಲಿ. ಉತ್ತಮ ಕ್ಷಮಾ.

ಸೌ. ರಾಜಮತಿ ಬಾಪುಸಾಹೇಬ

*

ಬ್ರೆಮೆನ್
೧೧ ಜನವರಿ ೧೯೮೭

ನನ್ನ ರಾಜಮತಿ,

ನಿನ್ನ ಕ್ಷಮಾವಣಿಯ ಕಾರ್ಡು ಅಡುಗೆಮನೆಯ ಗೋಡೆಗೆ ಅಂಟಿಸಿದ್ದೇನೆ. ಎಲ್ಲ ಮನೆಗೂ ಕಳಿಸುವ ಅದೇ ಮಾತುಗಳು. ಗೆಳತಿಗೆ 'ಶ್ರೀಮತಿ' ಎಂಬುದು ಮಾತ್ರ ನನಗಾಗಿ ಬರೆದದ್ದು. ಚೆನ್ನಾಗಿ ಚುಚ್ಚಿತು.

ಕ್ಲಾಸ್ ವಯಸ್ಸಾದವರಲ್ಲ. ನನಗಿಂತ ಎರಡು ವರ್ಷ ದೊಡ್ಡವನು. ಮೂರು ವರ್ಷದಿಂದ ನಾವು ಮದುವೆಯಿಲ್ಲದೆ ಜೊತೆಗಿದ್ದೇವೆ. ಇನ್ನೊಂದು ಖೋಲಿ ಎಂಬುದೇ ಇಲ್ಲ. ಕಾಗವಾಡದಲ್ಲಿ ಅಪ್ಪನಿಗೆ ತಿಳಿದರೆ ಬದುಕಿರುವಾಗಲೇ ನನಗೆ ಎಳ್ಳುನೀರು ಬಿಡುತ್ತಾನೆ. ನೀನು ನಮಸ್ಕಾರ ಕಳಿಸಿದ ಮೇಲೆ ಹೇಳಲು ಬಾಯಿ ಬರಲಿಲ್ಲ.

ನಿನ್ನ ಆ ಪತ್ರ ಬಂದ ವಾರವೇ ಕ್ಲಾಸ್ ಕೆಲಸದ ಮೇಲೆ ಬೇರೆ ಊರಿಗೆ ಹೋಗಿ ಬಂದ. ತಿಂಡಿ ತಿನ್ನುತ್ತ, ಅಲ್ಲಿ ಒಬ್ಬಳ ಜೊತೆ ಮಲಗಿದ್ದೆ, ಅದಕ್ಕೇನೂ ಅರ್ಥವಿಲ್ಲ, ನಿನ್ನಿಂದ ಮುಚ್ಚಿಡಬಾರದೆಂದು ಹೇಳುತ್ತಿದ್ದೇನೆ ಎಂದ. ನಾನು ನಕ್ಕೆ. ಬೆಣ್ಣೆ ದಾಟಿಸಿದೆ. ಆಸ್ಪತ್ರೆಗೆ ಹೋಗಿ ಚಾದರಗಳ ಕೋಣೆಯಲ್ಲಿ ಬಾಗಿಲು ಹಾಕಿಕೊಂಡು, ಕಾಗವಾಡದ ಹೆಂಗಸರು ಅಳುವ ಹಾಗೆಯೇ ಅತ್ತೆ. ಇಲ್ಲಿ ಯಾರೂ ಅಳುವುದಿಲ್ಲ ಎಂದು ನಿನಗೆ ಬರೆದದ್ದು ಮಾರನೆಯ ದಿನ. ಅವನ ಮಾತುಗಳನ್ನೇ ನಿನಗೆ ಬರೆದೆ. ನೀನು ನಂಬಿದರೆ ನಾನೂ ನಂಬಬಹುದು ಎಂದಿತ್ತು.

ನನ್ನನ್ನು ಬಾಗಿಲು ಬಡಿದು ಹೊರಗೆ ತಂದವಳು ಹೆಲ್ಗಾ. ನಿನಗೆ ಇದೆಲ್ಲ ಹಗುರವಲ್ಲವೇ ಎಂದೆ. "ನಾನು ಯಾರ ಮನೆಯನ್ನೂ ಒಡೆದಿಲ್ಲ. ನನ್ನದು ಹಗುರ ಅಂತ ನಿನ್ನದೂ ಹಗುರವಾಗಬೇಕೇ?" ಎಂದಳು. ನಿನ್ನ ಕಥೆಯನ್ನೂ ಅವಳಿಗೆ ಹೇಳಿದೆ, ಕ್ಷಮಿಸು. ಅವಳು ನಿನ್ನ ಬಗ್ಗೆ ಕೇಳಲಿಲ್ಲ, ನಿನ್ನ ಗಂಡನ ಬಗ್ಗೆಯೂ ಕೇಳಲಿಲ್ಲ. "ಆ ಕೆಲಸದ ಹೆಂಗಸು ಬೇಡ ಅನ್ನಬಹುದಿತ್ತೇ?" ಎಂದು ಮಾತ್ರ ಕೇಳಿದಳು. ನಾನು ನಿನ್ನ ಪತ್ರ ಎಷ್ಟೋ ಸಲ ಓದಿದ್ದರೂ ಈ ಪ್ರಶ್ನೆ ನನಗೆ ಹೊಳೆದಿರಲಿಲ್ಲ.

ಕ್ಲಾಸ್ ಕಾರ್ಡಿನಲ್ಲಿ ಏನಿದೆ ಎಂದು ಕೇಳಿದ, ಓದಿ ಹೇಳಿದೆ. "ನಿನ್ನ ಗೆಳತಿ ಏನು ತಪ್ಪು ಮಾಡಿದ್ದಾಳೆ?" ಎಂದ. ನಮ್ಮಲ್ಲಿ ಅದನ್ನು ಯಾರೂ ಕೇಳುವುದಿಲ್ಲ ಎಂದೆ. "ಹಾಗಾದರೆ ಕ್ಷಮಿಸುವುದು ಏನನ್ನು?" ಎಂದ.

ನಿನ್ನ
ಸುಂದರಾ

*

ಸದಲಗಾ
೫ ಏಪ್ರಿಲ್ ೧೯೮೭

ಸುಂದರಾ,

ನಿನ್ನ ಪತ್ರ ಓದಿ ಮೊದಲು ಬಂದದ್ದು ಸಿಟ್ಟು. ಯಾರೋ ಪರಗಂಡಸಿಗೆ ಹಿರಿಯರೆಂದು ನಮಸ್ಕಾರ ಕಳಿಸಿದೆನಲ್ಲ! ಮದುವೆಯಿಲ್ಲದೆ ಮೂರು ವರ್ಷ ಎಂಬುದು ನನಗೆ ಇವತ್ತಿಗೂ ಗಂಟಲಲ್ಲಿ ಇಳಿದಿಲ್ಲ, ಇಳಿಯುತ್ತದೆ ಎಂದು ಹೇಳುವುದೂ ಇಲ್ಲ. ಆಮೇಲೆ ಚಾದರಗಳ ಕೋಣೆಯಲ್ಲಿ ನೀನು ಒಬ್ಬಳೇ ಕುಳಿತದ್ದು ಕಣ್ಣಿಗೆ ಬಂತು. ಸಿಟ್ಟು ಹೋಯಿತು. ತಾಳಿಯಿದ್ದ ನಾನೂ ತಾಳಿಯಿಲ್ಲದ ನೀನೂ ಒಂದೇ ಕಾರಣಕ್ಕೆ ಅತ್ತಿದ್ದೇವೆ.

ಹೆಲ್ಗಾಳ ಪ್ರಶ್ನೆಗೆ ಉತ್ತರ ಬರೆಯಲು ಇಷ್ಟು ದಿನ ಬೇಕಾಯಿತು. ನನಗೆ ಆ ಪ್ರಶ್ನೆ ಬೇಡವಾಗಿತ್ತು. ರುಕ್ಮವ್ವ ಕೆಟ್ಟವಳಾಗಿದ್ದರೆ ನನಗೆ ಬದುಕುವುದು ಸುಲಭ. ಹೋದ ತಿಂಗಳು ನಿಪ್ಪಾಣಿಯ ಬಸ್ಸಿನಿಂದ ಆಕೆಯನ್ನು ಕಂಡೆ. ರಸ್ತೆಯ ಬದಿಗೆ ಖಡಿ ಕಲ್ಲು ಒಡೆಯುತ್ತಿದ್ದಳು. ನನ್ನ ಹಿಂದೆ ಕುಳಿತಾಕೆ, ನಾನು ಯಾರೆಂದು ತಿಳಿಯದೆ, "ಬಾಪುಸಾಹೇಬನ ರುಕ್ಮಿ ನೋಡ ಅಕಿ" ಎಂದು ಮಗ್ಗುಲಿನವಳಿಗೆ ತೋರಿಸಿದಳು. ಒಂದು ಮಧ್ಯಾಹ್ನಕ್ಕೆ ಆಕೆಯ ಹೆಸರೇ ಹೋಯಿತು. ನಮ್ಮವರನ್ನು ಯಾರೂ ರುಕ್ಮವ್ವನ ಬಾಪುಸಾಹೇಬ ಎಂದು ಕರೆದದ್ದಿಲ್ಲ, ಈ ವರ್ಷ ಬಸ್ತಿಯ ಪೂಜೆಯ ಮುಂದಾಳುತನವೂ ಅವರಿಗೇ ಬಂದಿದೆ.

ಅವತ್ತು ಸಂಜೆ ನಮ್ಮವರನ್ನು ಕೇಳಿದೆ. "ಅಕಿ ಹೂಂ ಅಂದಿದ್ಳೇನ್ರಿ?"

"ಏನೂ ಅನ್ಲಿಲ್ಲ."

"ನೀವು ಕೇಳಿದ್ರೇನು?"

"ಕೇಳೂದೇನ ಅದರಾಗ? ಅಕಿ ಬ್ಯಾಡ ಅನ್ಲಿಲ್ಲಲಾ!"

"ಬ್ಯಾಡ ಅಂದಿದ್ರ ಮರುದಿನ ಕೆಲಸ ಇರತಿತ್ತೇನ್ರಿ?"

ಅವರು ಎದ್ದು ಹೊರಗೆ ಹೋದರು. ಉತ್ತರ ನನಗೆ ಗೊತ್ತಿತ್ತು. ಬೇಡ ಅನ್ನದೆಯೂ ಆಕೆಯ ಕೆಲಸ ಉಳಿಯಲಿಲ್ಲ, ತೆಗೆಸಿದವಳು ನಾನು. ಹೆಲ್ಗಾಳಿಗೆ ಹೇಳು, ರುಕ್ಮವ್ವ ಬೇಡ ಅನ್ನುವ ಹಾಗಿರಲಿಲ್ಲ.

ರಾಜಮತಿ

*

ಬ್ರೆಮೆನ್
೨೧ ಜೂನ್ ೧೯೮೭

ನನ್ನ ರಾಜಮತಿ,

ಲಕೋಟೆಯ ಮೇಲಿನ ಹೊಸ ವಿಳಾಸ ಬರೆದುಕೋ. ಕ್ಲಾಸ್‌ನ ಮನೆ ಬಿಟ್ಟೆ. ಜಗಳವಿಲ್ಲ, ನನ್ನ ಪೆಟ್ಟಿಗೆಗಳನ್ನು ಅವನೇ ಮೂರು ಅಂತಸ್ತು ಹೊತ್ತು ತಂದುಕೊಟ್ಟ. ಕೆಟ್ಟವನಲ್ಲ. ತಾನು ಏನು ತಪ್ಪು ಮಾಡಿದೆ ಎಂದು ಕೊನೆಯ ತನಕ ನಿಜವಾಗಿ ಕೇಳಿದ. ನಿನ್ನ ರೀತಿಯಲ್ಲಿ ತಪ್ಪಿಲ್ಲ, ನನ್ನ ರೀತಿಯಲ್ಲಿ ನೋವಿದೆ ಎಂದೆ. ಅವನ ಕಣ್ಣಲ್ಲೂ ನೀರು ಬಂತು.

ಹೆಲ್ಗಾ ಬಂದು ಗೋಡೆಗೆ ಬಣ್ಣ ಹಚ್ಚಿಕೊಟ್ಟಳು. ನಿನ್ನ ಉತ್ತರ ಹೇಳಿದೆ. ಕುಂಚ ಕೆಳಗಿಟ್ಟು, "ಹಾಗಾದರೆ ಅದನ್ನು ನನ್ನ ಶನಿವಾರದ ಜೊತೆ ಸೇರಿಸಬೇಡ" ಎಂದಳು. ನಾನು ಎಷ್ಟು ದಿನ ಸೇರಿಸಿಯೇ ನೋಡುತ್ತಿದ್ದೆ! ಎರಡು ದೇಶಗಳನ್ನು ತೂಗುತ್ತ ಕುಳಿತಿದ್ದೆ, ರುಕ್ಮವ್ವ ತಕ್ಕಡಿಯಲ್ಲೇ ಇರಲಿಲ್ಲ.

ನಿನ್ನ ಕಾರ್ಡು ಈ ಗೋಡೆಗೂ ಬಂದಿದೆ. ಈ ವರ್ಷ 'ಶ್ರೀಮತಿ' ಬೇಡ.

ಸುಂದರಾ

*

ಸದಲಗಾ
೧೧ ಸೆಪ್ಟೆಂಬರ್ ೧೯೮೭

ಪ್ರೀತಿಯ ಸುಂದರಾ,

ಈ ಸಲ ಕಾರ್ಡು ಕಳಿಸುವುದಿಲ್ಲ. ನಡೆದದ್ದನ್ನು ಬರೆಯುತ್ತೇನೆ.

ಕ್ಷಮಾವಣಿಯ ದಿನ ನಮ್ಮವರು ಬಿಳಿ ಧೋತರ ಉಟ್ಟು ಬೆಳಗ್ಗೆಯೇ ಹೊರಟರು. ಬಸ್ತಿಯಲ್ಲಿ ಎಲ್ಲರಿಗೂ ಕೈಮುಗಿದು, ಆಮೇಲೆ ಒಂದೊಂದೇ ಮನೆ. ಹೊಲದ ಬದುವಿನ ಜಗಳಕ್ಕೆ ವರ್ಷಾನುಗಟ್ಟಲೆ ಮಾತು ಬಿಟ್ಟ ಭೀಮಗೊಂಡರ ಮನೆಗೂ ಹೋಗಿ ಉತ್ತಮ ಕ್ಷಮಾ ಎಂದರು, ಅವರೂ ಉತ್ತಮ ಕ್ಷಮಾ ಎಂದು ಅಪ್ಪಿಕೊಂಡರು. ನಿನಗೆ ಗೊತ್ತಲ್ಲ, ಅವತ್ತು ಯಾರೂ ಇಲ್ಲವೆನ್ನುವುದಿಲ್ಲ, ಯಾವ ತಪ್ಪು ಎಂದು ಕೇಳುವುದೂ ಇಲ್ಲ. ಚಿಕ್ಕಂದಿನಿಂದ ನನಗೆ ಎಲ್ಲಕ್ಕಿಂತ ಚಂದ ಕಂಡ ಹಬ್ಬ ಇದು.

ಮಧ್ಯಾಹ್ನ ಅವರು ಬಂದು ಜಮಖಾನೆಯ ಮೇಲೆ ಕುಳಿತು, "ಎಲ್ಲಾ ಮನಿ ಮುಗದೂ" ಎಂದರು.

"ಒಂದ ಉಳದೈತ್ರಿ" ಎಂದೆ. "ನಿಪ್ಪಾಣ್ಯಾಗ."

ಅವರಿಗೆ ತಿಳಿಯಿತು. "ಅದು ನಮ್ಮವರ ಮನಿ ಅಲ್ಲ" ಎಂದರು.

"ಅವತ್ತ ಅಕಿ ನಮ್ಮಕಿ ಹೌದೋ ಅಲ್ಲೋ ಕೇಳಿದ್ರೇನು? ನೀವು ಬರ್ರಿ, ಬಿಡ್ರಿ. ನಾ ಬಸ್ಸಿಗೆ ಹೊಂಟೆ."

ಒಂದೇ ಮಾತಿಗೆ ಎದ್ದರು ಎಂದು ತಿಳಿಯಬೇಡ. ಬೈದರು, ಅತ್ತೆಯನ್ನು ಕರೆಯುತ್ತೇನೆ ಎಂದರು. ನಾನು ಚಪ್ಪಲಿ ಮೆಟ್ಟಿ ಅಂಗಳಕ್ಕೆ ಇಳಿದ ಮೇಲೆ ಸ್ಕೂಟರ್ ಹೊರಗೆ ತೆಗೆದರು. ರುಕ್ಮವ್ವನ ಓಣಿಯ ತಿರುವಿನಲ್ಲಿ ಸ್ಕೂಟರ್ ನಿಲ್ಲಿಸಿ, ನೀನೇ ಹೋಗಿ ಬಾ ಎಂದರು.

ತಗಡಿನ ಮನೆ. ಆಕೆ ಹೊಸ್ತಿಲಲ್ಲಿ ಕುಳಿತು ಅಕ್ಕಿ ಆರಿಸುತ್ತಿದ್ದಳು. ನನ್ನನ್ನು ಕಂಡು ಅಕ್ಕಿಯ ಮೊರ ಹಿಡಿದುಕೊಂಡೇ ಎದ್ದು ನಿಂತಳು. ನಾನು ಕೈಮುಗಿದು, ಪಾಠದ ಹಾಗೆ ಹೇಳಿದೆ: ತಿಳಿದೋ ತಿಳಿಯದೆಯೋ ನೋವಾಗಿದ್ದರೆ ಕ್ಷಮೆ ಇರಲಿ.

ಆಕೆಗೆ ನಮ್ಮ ಪದ್ಧತಿ ಎಲ್ಲಿ ಗೊತ್ತು? "ಏನ ತಪ್ಪ ಮಾಡೀರಿ ನೀವು? ಹೇಳ್ರಿ" ಎಂದಳು.

ಸುಂದರಾ, ಹುಟ್ಟಿದಾಗಿನಿಂದ ಇಷ್ಟು ಕ್ಷಮಾವಣಿ ಮಾಡಿದ್ದೇನೆ, ಯಾರೂ ನನ್ನನ್ನು ಹೀಗೆ ಕೇಳಿರಲಿಲ್ಲ. ನಿನ್ನ ಕ್ಲಾಸ್ ಕೇಳಿದ್ದೂ ಇದನ್ನೇ ಅಲ್ಲವೇ. "ನಿನ್ನ ಕೆಲಸ ಬಿಡಿಸಿದಾಕಿ ನಾನ" ಎಂದೆ. "ತಪ್ಪ ಯಾರ್ದು ಅಂತ ವಿಚಾರ ಮಾಡ್ಲಿಲ್ಲ."

ಆಕೆ ಅಕ್ಕಿಯಲ್ಲಿ ಕಂಡ ಒಂದು ಹರಳು ಆರಿಸಿ ಎಸೆದಳು. "ಹೊಟ್ಟಿ ಉರದಿತ್ತು ನಿಮಗ. ನಿಮ್ದು ಹೋಗ್ಲಿ ಬಿಡ್ರಿ" ಎಂದಳು. ಆಮೇಲೆ ತಿರುವಿನ ಕಡೆ ಕಣ್ಣು ಹೊರಳಿಸಿದಳು. "ಅವ್ರದ ನೀವ್ಯಾಕ ಕೇಳ್ತೀರಿ? ಅವ್ರಿಗೆ ಕಾಲಿಲ್ಲೇನು?"

ನಾನು ಹೋಗಿ ಹೇಳಿದೆ. ಅವರು ಬಂದರು, ಸುಂದರಾ. ಅದನ್ನು ಅವರ ಲೆಕ್ಕಕ್ಕೆ ಹಿಡಿಯಬೇಕು. ಆ ಬಿಳಿ ಬಟ್ಟೆಯಲ್ಲಿ, ಓಣಿಯ ಜನ ಬಾಗಿಲಿಗೆ ಬಂದು ನೋಡುತ್ತಿರುವಾಗ, ರುಕ್ಮವ್ವನ ಮುಂದೆ ನಿಂತು ಕೈಮುಗಿದರು. "ಅವತ್ತ ನಾ ಮಾಡಿದ್ದು ತಪ್ಪ. ಕೇಳಲಾರದ ಮಾಡಿದೆ. ಉತ್ತಮ ಕ್ಷಮಾ" ಎಂದರು.

ರುಕ್ಮವ್ವ ಮೊರವನ್ನು ಕೆಳಗಿಟ್ಟಳು.

"ಬ್ಯಾಡ" ಎಂದಳು. "ನಾ ಕ್ಷಮಾ ಮಾಡೂದಿಲ್ರಿ. ಅವತ್ತ ಬ್ಯಾಡ ಅನ್ನಾಕ ನನಗ ಬಾಯಿ ಇರಲಿಲ್ಲ. ಇವತ್ತ ಐತಿ. ಬ್ಯಾಡ."

ನಾವು ನಿಂತೇ ಇದ್ದೆವು. ಕ್ಷಮಾವಣಿಯ ದಿನ ಹೀಗೆ ಅನ್ನಿಸಿಕೊಂಡವರು ಮುಂದೆ ಏನು ಮಾಡಬೇಕು ಎಂದು ನಮಗೆ ಯಾರೂ ಕಲಿಸಿಲ್ಲ. ಮತ್ತೆ ವಖಾರಿಗೆ ಬಾ ಎಂದು ನಾನು ಅಂದೆ, ಆಕೆ ತಲೆ ಅಲ್ಲಾಡಿಸಿ ಅಕ್ಕಿ ಆರಿಸಲು ಕುಳಿತಳು. ಓಣಿಯಿಂದ ಹೊರಗೆ ಬರುವಾಗ ನನಗೆ ನಾಚಿಕೆಯೂ ಆಗಿತ್ತು, ಎದೆಯ ಮೇಲಿನ ಒಂದು ಕಲ್ಲು ಇಳಿದಂತೆಯೂ ಆಗಿತ್ತು. ಆಕೆ ಹೂಂ ಎಂದಿದ್ದರೆ ನಾನು ಅದನ್ನೂ ನಂಬುತ್ತಿರಲಿಲ್ಲವೇನೋ.

ನಾವು ಮನೆ ಮುಟ್ಟಿದಾಗ ಹೊತ್ತು ಇಳಿಯುತ್ತಿತ್ತು. ಅತ್ತೆ ತಾಟು ಹಾಕಿ ಕಾಯುತ್ತಿದ್ದರು. ಮುಳುಗುವುದರೊಳಗೆ ಉಣ್ಣಬೇಕು, ಬೇಗ ಬನ್ನಿ ಎಂದು ಅವಸರ ಮಾಡಿದರು. ನಮ್ಮವರು ತಾಟಿನ ಮುಂದೆ ಕುಳಿತರು, ತುತ್ತು ಎತ್ತಲಿಲ್ಲ. ಬೆಳಕು ಹೋಗುವ ತನಕ ಹಾಗೆಯೇ ಕುಳಿತಿದ್ದು, ಆಮೇಲೆ ಕೈ ತೊಳೆದುಕೊಂಡರು.

ಅತ್ತೆಗೆ ಗಾಬರಿಯಾಯಿತು. "ಯಾಕಪಾ, ಏನಾತು? ಎಲ್ಲಾರ ಮನಿ ಮುಗಿಸಿ ಬಂದೀ ಇಲ್ಲ?" ಎಂದರು.

"ಇಲ್ಲವ್ವಾ" ಎಂದರು ಅವರು. "ಒಂದು ಉಳೀತು."

ನಿನ್ನ
ರಾಜಮತಿ